ಅಮ್ಮನ ರಿಪೋರ್ಟು ನಾರ್ಮಲ್

ಪಿಎಚ್.ಡಿ. ಕ್ಷೇತ್ರಕಾರ್ಯಕ್ಕೆಂದು ನಾನು ಇಂಗ್ಲಿಷಿನಲ್ಲಿ ಸಿದ್ಧಮಾಡಿಕೊಂಡಿದ್ದ ಪ್ರಶ್ನಾವಳಿಯಲ್ಲಿ ‘ಡಿಸೀಸ್’, ‘ಇಲ್‌ನೆಸ್’ ಎಂಬ ಎರಡು ಪದಗಳಿದ್ದವು. ಕನ್ನಡಕ್ಕೆ ತರುವಾಗ ಅವಸರದಲ್ಲಿ ಎರಡಕ್ಕೂ ‘ರೋಗ’ ಎಂದೇ ಬರೆದೆ. ಹಳ್ಳಿಯೊಂದರ ಜಗುಲಿಯಲ್ಲಿ ಕೂತು, “ನಿಮಗೆ ಯಾವ ರೋಗ ಇದೆ ಅಜ್ಜಿ?” ಎಂದು ಕೇಳಿದರೆ ಅಜ್ಜಿ ಗದರಿಯೇಬಿಟ್ಟರು. “ರೋಗ ಗೀಗ ಏನೂ ಇಲ್ಲ ಕಣವ್ವ. ಒಂಚೂರು ಹುಷಾರಿಲ್ಲ ಅಷ್ಟೆ.” ನಾನು ‘ಇಲ್ಲ’ ಎಂಬಲ್ಲಿ ಗುರುತು ಹಾಕಿ ಮುಂದಿನ ಮನೆಗೆ ಹೋದೆ.

ನಮ್ಮ ದಿನದ ಮಾತಿನಲ್ಲಿ ಈ ಎರಡು ಇಂಗ್ಲಿಷ್ ಪದಗಳಿಗೆ ಅಂಥ ವ್ಯತ್ಯಾಸವಿಲ್ಲ. ವೈದ್ಯಕೀಯ ಮಾನವಶಾಸ್ತ್ರದಲ್ಲಿ ಇದೆ. ಅಮೆರಿಕದ ಮನೋವೈದ್ಯ ಲಿಯಾನ್ ಐಸೆನ್‌ಬರ್ಗ್ 1977ರ ತಮ್ಮ ಲೇಖನದಲ್ಲಿ ಇವನ್ನು ಬೇರ್ಪಡಿಸಿದರು. ವೈದ್ಯರು ಪತ್ತೆ ಹಚ್ಚಿ ಚಿಕಿತ್ಸೆ ಕೊಡುವುದು ಡಿಸೀಸ್‌ಗೆ. ಮನುಷ್ಯ ಅನುಭವಿಸುವುದು ಇಲ್‌ನೆಸ್. ಆರ್ಥರ್ ಕ್ಲೈನ್‌ಮನ್ ಈ ಎರಡನೆಯದರ ಬಗ್ಗೆಯೇ 1988ರಲ್ಲಿ ‘ದಿ ಇಲ್‌ನೆಸ್ ನರೇಟಿವ್ಸ್’ ಎಂಬ ಪುಸ್ತಕ ಬರೆದರು. ಇದನ್ನೆಲ್ಲ ಓದಿ ಟಿಪ್ಪಣಿ ಮಾಡಿಕೊಂಡವಳೇ ನಾನು.

ಉದಾಹರಣೆಗಳು ನಮ್ಮ ಮನೆಯಲ್ಲೇ ಇದ್ದವು. ಅಪ್ಪನಿಗೆ ಬಿಪಿ. ಆದರೆ ತಲೆಸುತ್ತಿಲ್ಲ, ನೋವಿಲ್ಲ. “ನಂಗೇನಾಗಿದೆ?” ಎಂದು ಆಗಾಗ ಮಾತ್ರೆ ಬಿಡುತ್ತಾರೆ. ಅವರದು ಇಲ್‌ನೆಸ್ ಇಲ್ಲದ ಡಿಸೀಸ್. ಅಮ್ಮನಿಗೆ ಎರಡು ವರ್ಷದಿಂದ ಮೈಕೈ ನೋವು, ರಾತ್ರಿ ನಿದ್ದೆಯಿಲ್ಲ. ರಕ್ತಪರೀಕ್ಷೆ, ಎಕ್ಸ್‌ರೇ, ಥೈರಾಯ್ಡ್ ಎಲ್ಲವೂ ನಾರ್ಮಲ್. “ಏನೂ ಇಲ್ಲ, ಸುಮ್ಮನೆ ಯೋಚನೆ ಮಾಡ್ತೀರಿ” ಎಂದರು ಡಾಕ್ಟರು. ಫೋನಿನಲ್ಲಿ ನಾನೂ ಅದನ್ನೇ ಹೇಳಿದೆ: “ರಿಪೋರ್ಟ್ ನಾರ್ಮಲ್ ಅಲ್ವಾಮ್ಮ, ಇನ್ನೇನು?” ಆಮೇಲೆ ಅಮ್ಮ ನೋವಿನ ಮಾತು ಎತ್ತಲಿಲ್ಲ. ಗುಣವಾಗಿದೆ ಎಂದುಕೊಂಡೆ.

ತಮಾಷೆಯೆಂದರೆ, ‘ಡಿಸೀಸ್’ ಹಳೆಯ ಫ್ರೆಂಚಿನಿಂದ ಬಂದ ಪದ. ಮೊದಲು ಅದಕ್ಕಿದ್ದ ಅರ್ಥ ನೆಮ್ಮದಿ ಇಲ್ಲದಿರುವುದು ಎಂದಷ್ಟೆ. ಬರಬರುತ್ತ ಅದು ಪ್ರಯೋಗಶಾಲೆಯ ಪದವಾಯಿತು. ನಮ್ಮ ‘ಹುಷಾರಿಲ್ಲ’ ಮಾತ್ರ ಇನ್ನೂ ಮನುಷ್ಯನ ಬಾಯಲ್ಲೇ ಇದೆ. ಅದನ್ನು ಹೇಳಲು ಯಾರ ರಿಪೋರ್ಟೂ ಬೇಕಿಲ್ಲ.

ಪ್ರಶ್ನಾವಳಿ ತಿದ್ದಿಕೊಂಡು ಮತ್ತೆ ಅದೇ ಜಗುಲಿಗೆ ಹೋದೆ. “ಹುಷಾರಿಲ್ಲ ಅಂದ್ರಲ್ಲ, ಏನಾಗುತ್ತೆ ಅಜ್ಜಿ?” ಎಂದೆ. ಅಜ್ಜಿ ಒಂದು ಗಂಟೆ ಮಾತಾಡಿದರು. ಮಂಡಿನೋವಿನಿಂದ ಶುರುವಾದದ್ದು ಊರು ಬಿಟ್ಟುಹೋದ ಮಗನವರೆಗೂ ಹೋಯಿತು. ನನ್ನ ಹಾಳೆಯ ಚೌಕಗಳಲ್ಲಿ ಅದಕ್ಕೆ ಜಾಗವಿರಲಿಲ್ಲ, ಹಿಂಬದಿಯಲ್ಲಿ ಬರೆದುಕೊಂಡೆ.

ಆ ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ.

“ಮೈಕೈ ನೋವು ಹೇಗಿದೆಯಮ್ಮ?”

ಸ್ವಲ್ಪ ಹೊತ್ತು ಸುಮ್ಮನಿದ್ದಳು. “ರಿಪೋರ್ಟಲ್ಲಿ ಏನೂ ಇಲ್ವಲ್ಲ ಮಗಾ” ಎಂದಳು.

“ರಿಪೋರ್ಟ್ ಬಿಡು. ನಿಂಗೆ ಹೇಗಿದೆ ಹೇಳು.”