ಚಿತ್ರ ಊರಲ್ಲೇ ಉಳಿಯಿತು

ಬೆಳಿಗ್ಗೆ ಮಳವಳ್ಳಿಯಿಂದ ಅಕ್ಕನ ಮಗ ವಾಟ್ಸಾಪಿನಲ್ಲಿ ಒಂದು ಟಿಪ್ಪಣಿ ಕಳಿಸಿದ, ಮದ್ದೂರು ತಾಲ್ಲೂಕಿನ ಆತಕೂರು ಶಾಸನದ ಮೇಲೆ. ಬರಹವೆಲ್ಲ ಬಂದಿತ್ತು. ಕಲ್ಲಿನ ಚಿತ್ರ ಇರಬೇಕಾದ ಕಡೆ ಮಾತ್ರ ಚೌಕ ಕಂಸದೊಳಗೆ ಫೋಟೊದ ಹೆಸರು ಕೂತಿತ್ತು. ಮಂಡ್ಯದಲ್ಲಿ ಕಾಫಿ ಲೋಟ ಹಿಡಿದು ಕೂತಿದ್ದ ನನಗೆ ರೇಗಿಹೋಯಿತು.

ಅವನು ಬರೆಯುವುದು ಅಬ್ಸಿಡಿಯನ್ ಎಂಬ ಟಿಪ್ಪಣಿ ಆ್ಯಪಿನಲ್ಲಿ. ಅಲ್ಲಿ ಟಿಪ್ಪಣಿ ಎಂದರೆ ಬರೀ ಅಕ್ಷರದ ಫೈಲು. ಚಿತ್ರ ಬೇರೆ ಫೈಲಾಗಿ ಫೋಲ್ಡರಿನಲ್ಲಿರುತ್ತದೆ. ಟಿಪ್ಪಣಿಯೊಂದನ್ನೇ ಕಳಿಸಿದರೆ ಚಿತ್ರ ಊರಲ್ಲೇ ಉಳಿಯುತ್ತದೆ. ಫೋನ್ ಮಾಡಿದೆ.

“ಬುಡು ಮಾವ, ಒಂದು ಪ್ಲಗಿನ್ ಹಾಕ್ಕಂಡ್ರೆ ಆಯ್ತು. ಅಂಟಿಸ್ತಿದ್ದಂಗೇ ಫೋಟೊ ಇಂಟರ್ನೆಟ್ಟಿಗೆ ಹೋಯ್ತದೆ, ಇಲ್ಲಿ ಲಿಂಕ್ ಕೂತ್ಕತದೆ. ಯಾರಿಗೆ ಕಳ್ಸುದ್ರೂ ಕಾಣ್ತದೆ” ಅಂದ.

ಫೋಟೊ ಸೇರುತ್ತಾ ಸೇರುತ್ತಾ ಫೋಲ್ಡರು ಉಬ್ಬುತ್ತದೆ, ಸಿಂಕ್ ತೆವಳುತ್ತದೆ, ನಿಜ. ಆದರೆ ಲಿಂಕ್ ಎಂದರೆ ಕಂಡವರ ಜಗಲಿಯಲ್ಲಿ ಇಟ್ಟುಬಂದ ಗಂಟು. ಹೀಗೆ ಚಿತ್ರ ಇಟ್ಟುಕೊಳ್ಳುವ ಇಂಗೂರ್ ಎಂಬ ತಾಣ 2023ರಲ್ಲಿ, ಯಾರ ಖಾತೆಗೂ ಸೇರದೆ ಬಿದ್ದಿರುವ ಹಳೆಯ ಚಿತ್ರಗಳನ್ನು ತೆಗೆದುಹಾಕುತ್ತೇವೆ ಎಂದು ಸಾರಿತು. ಪುಕ್ಕಟೆ ಜಾಗದ ಪಾಡು ಅದು. ಟಿಪ್ಪಣಿಯ ಪಕ್ಕದಲ್ಲೇ ಚಿತ್ರದ ಫೋಲ್ಡರು ಇರುವಂತೆ ಸೆಟ್ಟಿಂಗ್ ಮಾಡು, ಚಿತ್ರ ಕುಗ್ಗಿಸುವ ಪ್ಲಗಿನ್ ಬೇಕಾದರೆ ಹಾಕಿಕೊ, ಕಳಿಸುವಾಗ ಎರಡನ್ನೂ ಜಿಪ್ ಮಾಡು ಎಂದೆ. ಅಲ್ಲಿಗೆ ಮಾತು ಮುಗಿಯಬಹುದಿತ್ತು. ಆದರೆ ಅವನು ಬರೆದದ್ದು ಆತಕೂರಿನ ಕಲ್ಲಿನ ಮೇಲಲ್ಲವೆ!

ಆ ಕಲ್ಲು ಕ್ರಿ.ಶ. 949–50ರದು. ತಕ್ಕೋಲದ ಯುದ್ಧ, ರಾಷ್ಟ್ರಕೂಟರ ಮೂರನೇ ಕೃಷ್ಣ, ಚೋಳ ರಾಜಾದಿತ್ಯನನ್ನು ಕೊಂದ ಗಂಗರ ಬೂತುಗ, ಎಲ್ಲ ಅದರ ಅಕ್ಷರದಲ್ಲಿವೆ. ಬೂತುಗ ಮೆಚ್ಚಿ ಬೇಡು ಎಂದಾಗ ಅವನ ಬಂಟ ಮಣಲೆರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಬೆಳತೂರಿನ ಗುಡ್ಡದಲ್ಲಿ ದೊಡ್ಡ ಹಂದಿಯ ಮೇಲೆ ಬಿಟ್ಟಾಗ ನಾಯಿ, ಹಂದಿ ಎರಡೂ ಸತ್ತವು. ನಾಯಿಗಾಗಿ ಮಣಲೆರ ಕಲ್ಲು ನಿಲ್ಲಿಸಿದ. ಶಿಲ್ಪಿ ಕೆತ್ತಿದ್ದು ಯುದ್ಧವನ್ನಲ್ಲ, ಹಂದಿಯೊಡನೆ ಸೆಣಸುವ ಕಾಳಿಯನ್ನು. ಬರಹವನ್ನಷ್ಟೇ ಓದಿದವನು ಇದು ರಾಜರ ಕಥೆ ಅಂದುಕೊಂಡಾನು, ಚಿತ್ರವನ್ನಷ್ಟೇ ಕಂಡವನು ಬೇಟೆ ಅಂದುಕೊಂಡಾನು. ಎರಡನ್ನೂ ಒಟ್ಟಿಗೆ ನೋಡಿದಾಗಲೇ ಮಣಲೆರನ ದುಃಖ ಮುಟ್ಟುವುದು. ಚಿತ್ರವಿಲ್ಲದ ಟಿಪ್ಪಣಿ ಕಂಡು ನಾನು ರೇಗಿದ್ದೂ ಅದಕ್ಕೇ. ಕಲ್ಲೀಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಊರು ಬಿಟ್ಟರೂ ನಾಯಿ ಅಕ್ಷರಗಳ ಜೊತೆಗೇ ಹೋಯಿತು.

ನೋಡಿಕೊಳ್ಳುವ ಹೊಣೆಯನ್ನೂ ಆ ಕಲ್ಲಿನಲ್ಲೇ ಬರೆಸಿದ್ದಾರೆ. ಕಲ್ಲು ನಿಂತಿದ್ದ ಚಲ್ಲೇಶ್ವರ ಗುಡಿಯ ಗೊರವ ಅದನ್ನು ಪೂಜಿಸದೆ ಉಣ್ಣುವಂತಿಲ್ಲ. ಉಂಡರೆ ನಾಯಿಯ ಪಾಪ ಅವನಿಗೆ. ಚಿತ್ರ ಇಟ್ಟುಕೊಳ್ಳುತ್ತೇವೆ ಎನ್ನುವ ಯಾವ ಕಂಪನಿಯ ಕರಾರಿನಲ್ಲಿ ಇಷ್ಟು ಖಡಾಖಂಡಿತವಾದ ಮಾತಿದೆ?

ಇದನ್ನೆಲ್ಲ ಹೇಳುತ್ತಿದ್ದರೆ ಹುಡುಗ ಬೇರೆಯೇ ಕೇಳಿದ: “ಹಂದಿಗೆ ಹೆಸ್ರಿರ್ನಿಲ್ವಾ ಮಾವ?”

ಇಲ್ಲ. ಕಾಳಿಯ ಹೆಸರು ಸಾವಿರ ವರ್ಷ ಉಳಿಯಿತು, ಸಮಸಮ ಸೆಣಸಿದ ಹಂದಿ ಬರೀ ಹಂದಿ. ಮಳವಳ್ಳಿಯ ಕಬ್ಬಿನ ಗದ್ದೆಗೆ ರಾತ್ರಿ ನುಗ್ಗುವ ಹಂದಿಗಳ ಮೇಲೆ ನಮ್ಮ ಭಾವನಿಗಿರುವ ಸಿಟ್ಟು ನೆನೆದರೆ, ಅವರಂತೂ ಹೆಸರಿಡುವುದಕ್ಕೆ ಒಪ್ಪಲಾರರು.