ದಿಬ್ಬದವರು, ಗುಡ್ಡೆಮನೆಯವರು

ಕಳೆದ ಅಕ್ಟೋಬರ್‌ನಲ್ಲಿ ರಜೆ ಹಾಕಿ, ಅಮೆರಿಕದ ರೆಡ್‌ವುಡ್ ಸಿಟಿಯಲ್ಲಿರುವ ತಂಗಿಯ ಮನೆಗೆ ಹೋಗಿದ್ದೆ. ಹ್ಯಾಲೊವೀನ್ ಹತ್ತಿರವಿತ್ತು, ಮನೆಗಳ ಮುಂದೆಲ್ಲ ಕುಂಬಳಕಾಯಿ. ತಂಗಿಯ ಹತ್ತು ವರ್ಷದ ಮಗಳು ಬಿಳಿ ಬಟ್ಟೆ ತೊಟ್ಟು, ಕೂದಲು ಕೆದರಿಕೊಂಡು, "ಮಾವ, ನಾನು ಬ್ಯಾನ್‌ಶೀ!" ಎಂದು ಕಿರುಚಿದಳು.

ಔಷಧದ ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ರೋಗಿಗೆ ಅಪಾಯ. ಇಪ್ಪತ್ತು ವರ್ಷ ಆಸ್ಪತ್ರೆಯ ಫಾರ್ಮಸಿಯಲ್ಲಿ ನಿಂತ ನನಗೆ ಯಾವ ಹೆಸರನ್ನೂ ಬಿಡಿಸಿ ನೋಡುವ ಚಾಳಿ. ಪಕ್ಕದ ಮನೆಯ ಐರಿಷ್ ಮೂಲದ ಅಜ್ಜಿಯನ್ನು ಕೇಳಿದೆ; ಆಮೇಲೆ ಪುಸ್ತಕವನ್ನೂ ನೋಡಿದೆ.

'ಬ್ಯಾನ್' ಎಂದರೆ ಹೆಂಗಸು. 'ಶೀ' ಎಂದರೆ ದಿಬ್ಬ. 5000 ವರ್ಷಕ್ಕೂ ಹಳೆಯ ನ್ಯೂಗ್ರೇಂಜ್‌ನಂಥ ಸಮಾಧಿ ದಿಬ್ಬಗಳೊಳಗೆ ಯಕ್ಷಿಣಿಯರು ಇದ್ದಾರೆಂದು ಐರ್ಲೆಂಡಿನ ಜನ ನಂಬಿದ್ದರು. ಹಳೆಯ ಐರಿಷ್‌ನಲ್ಲಿ ದಿಬ್ಬ 'ಶೀದ್', ದಿಬ್ಬದ ಎನ್ನಲು 'ಶೀದೆ'. ನಾವು ಶಾಲೆಯಲ್ಲಿ ಕಲಿತ ಷಷ್ಠೀ ವಿಭಕ್ತಿಯೇ! ಮುಂದೆ 'ದ' ಸವೆದು ಎರಡೂ 'ಶೀ' ಆದವು. ಯಕ್ಷಿಣಿಯರು 'ಈಸ್ ಶೀ', ಅಂದರೆ ದಿಬ್ಬದ ಜನ. ಬರಬರುತ್ತಾ 'ಜನ' ಬಿದ್ದುಹೋಗಿ, ಬರೀ 'ದಿಬ್ಬದ' ಎಂಬುದೇ ಅವರ ಹೆಸರಾಯಿತು. ಕವಿ ಯೇಟ್ಸ್ ಕೂಡ ಹಾಗೆಯೇ ಬಳಸಿದ್ದಾರೆ.

ಬ್ಯಾನ್‌ಶೀ ಅತ್ತರೆ ಆ ಮನೆತನದಲ್ಲಿ ಸಾವು ಎಂದು ನಂಬಿಕೆ. ಆ ಅಳು ನನಗೆ ಗೊತ್ತು. 2016ರಲ್ಲಿ, ನೈಟ್ ಡ್ಯೂಟಿಯಲ್ಲಿದ್ದಾಗ, ಎರಡು ಗಂಟೆಗೆ ಊರಿನ ಫೋನ್ ಬಂತು. ಮಾತಿಗಿಂತ ಮೊದಲು ಅತ್ತಿಗೆಯ ಅಳು ಕೇಳಿಸಿತು. ಅಪ್ಪ ಹೋಗಿದ್ದರು. ರಜೆ ಸಿಕ್ಕಿ ಊರು ಮುಟ್ಟಿದ್ದು ಮೂರನೇ ದಿನ, ಚಿತೆ ಆರಿತ್ತು. ಬಸ್ ಇಳಿದು ಆಟೋದವನಿಗೆ "ಗುಡ್ಡೆಮನೆಗೆ" ಎಂದೆ. ಅವನು, "ದುಬೈಯವರ ಮನೆಯಾ?" ಎಂದ.

ಅಪ್ಪ ಇರುವವರೆಗೆ ನಾವು ಗುಡ್ಡೆಮನೆಯವರು. ಈಗ ಊರಿನಲ್ಲಿ ದುಬೈಯವರು, ದುಬೈಯಲ್ಲಿ ಇಂಡಿಯಾದವರು. ಎಲ್ಲಿ ಇರುತ್ತೇವೋ ಅಲ್ಲಿಯವರಲ್ಲ ಎಂದು ಹೇಳುವ ಹೆಸರುಗಳೇ ಎರಡೂ.

ಅಂದು ರಾತ್ರಿ ಈ ದಿಬ್ಬದವರ ಕತೆಯನ್ನು ಮಗುವಿಗೆ ಹೇಳಿದೆ. "ಹಾಗಾದರೆ ನಾವು ಎಲ್ಲಿಯವರು ಮಾವ?" ಎಂದಳು. ಗುಡ್ಡೆಮನೆಯವರು ಎಂದೆ. ನಾಲ್ಕು ಸಲ ತಪ್ಪಿ, ಐದನೇ ಸಲಕ್ಕೆ ಸರಿಯಾಗಿ ಹೇಳಿದಳು. ಆ ಮನೆಗೆ ಈಗ ಬೀಗ. ಹೆಸರಾದರೂ ತೆರೆದಿರಲಿ. ನಿಮ್ಮ ಮಕ್ಕಳಿಗೂ ನಿಮ್ಮ ಮನೆಯ ಹೆಸರು ಹೇಳಿಕೊಡಿ.