ಬಸ್ಸಾರಿನ ನೀರು

ಮೈಸೂರು ಸೀಮೆಯ ಅಡಿಗೆಗಳಲ್ಲಿ ಬಸ್ಸಾರಿನಷ್ಟು ಮಿತವ್ಯಯದ ಅಡಿಗೆ ಮತ್ತೊಂದಿರಲಾರದು. ಸೊಪ್ಪನ್ನೂ ಬೇಳೆಯನ್ನೂ ಒಟ್ಟಿಗೆ ಬೇಯಿಸಿ, ನೀರನ್ನು ಬಸಿದು, ಆ ನೀರಿಗೆ ಅರೆದ ಖಾರವನ್ನು ಕೂಡಿಸಿ ಕುದಿಸಿದರೆ ಸಾರು. ಉಳಿದುದಕ್ಕೆ ಒಗ್ಗರಣೆಯಿಟ್ಟು ಕಾಯಿತುರಿ ಬೆರೆಸಿದರೆ ಪಲ್ಯ. ಜೊತೆಗೊಂದು ರಾಗಿಮುದ್ದೆಯಿದ್ದರೆ ಊಟಕ್ಕೆ ಬೇರೇನೂ ಬೇಡ. ಬೆಂದ ನೀರಿನ ಒಂದು ತೊಟ್ಟನ್ನೂ ಬಚ್ಚಲಿಗೆ ಹೋಗಗೊಡದ ಜಾಣತನವಿದು.

ಆದರೆ ಈ ಜಾಣತನವು ನಂಬುಗೆಯೊಂದನ್ನು ಆಧರಿಸಿ ನಿಂತಿದೆ. ಸೊಪ್ಪಿಗೆ ಸಿಂಪಡಿಸಿದ ವಿಷದಲ್ಲಿ ನೀರಿಗಿಳಿಯುವ ಅಂಶವೇನಾದರೂ ಇದ್ದರೆ, ನೀರನ್ನು ಚೆಲ್ಲುವ ಮನೆಯಲ್ಲಿ ಅದಷ್ಟು ಹೊರಗೆ ಹೋದೀತು; ಬಸ್ಸಾರಿನ ಮನೆಯಲ್ಲಿ ಅದೂ ತಟ್ಟೆಗೇ ಬರುತ್ತದೆ. ಹಿತ್ತಲ ಸೊಪ್ಪನ್ನು ಕಿತ್ತ ಕೈಯೇ ಅದನ್ನು ಬಸಿಯುತ್ತಿದ್ದ ಕಾಲದಲ್ಲಿ ಈ ಶಂಕೆಗೆ ಎಡೆಯಿರಲಿಲ್ಲ. ಮೈಸೂರಿನ ವಾಯವ್ಯಕ್ಕಿರುವ ಹೆಬ್ಬಾಳದಲ್ಲಿ ಈಗ ಹಾಗಲ್ಲ. ಅಲ್ಲಿ ಕಾರ್ಖಾನೆಗಳೂ, ಇನ್ಫೋಸಿಸ್ಸಿನ ವಿಶಾಲವಾದ ಆವರಣವೂ, ಸಾಲುಸಾಲು ಬಡಾವಣೆಗಳೂ ಎದ್ದು ನಿಂತಿವೆ. ಬೆಳಗ್ಗೆ ಬಾಗಿಲಿಗೆ ಬಂದ ದಂಟಿನ ಕಟ್ಟು ಯಾವ ಹೊಲದ್ದು, ಯಾವ ನೀರು ಕುಡಿದದ್ದು ಎಂಬುದನ್ನು ಗೃಹಿಣಿಯು ಅರಿಯಳು. ಎಷ್ಟೋ ವೇಳೆ ಮಾರುವವನೂ ಅರಿಯನು.

ಆದುದರಿಂದಲೇ ‘ಸಾವಯವ’ವೆಂಬ ಚೀಟಿಗೆ ಬೆಲೆ ಬಂದಿದೆ. ಕರ್ನಾಟಕವು 2004ರಲ್ಲಿಯೇ ಸಾವಯವ ಕೃಷಿನೀತಿಯನ್ನು ರೂಪಿಸಿತು. 2017ರಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವು ಇಂಥ ಪದಾರ್ಥಗಳಿಗೆ ನಿಯಮಗಳನ್ನು ವಿಧಿಸಿತು. ದೃಢೀಕರಣವನ್ನು ಬಯಸುವ ರೈತನು ಸಾಮಾನ್ಯವಾಗಿ ವಾರ್ಷಿಕ ಬೆಳೆಗಳಿಗೆ 2 ವರ್ಷ, ಬಹುವಾರ್ಷಿಕ ಬೆಳೆಗಳಿಗೆ 3 ವರ್ಷ ನೆಲವನ್ನು ರಾಸಾಯನಿಕಗಳಿಂದ ದೂರವಿರಿಸಬೇಕು. ಆ ಅವಧಿಯಲ್ಲಿ ಇಳುವರಿ ಕುಗ್ಗಬಹುದು. ಚೀಟಿಯಾದರೋ ಇನ್ನೂ ಕೈಗೆ ಬಂದಿರುವುದಿಲ್ಲ. ನಷ್ಟವೆಲ್ಲವೂ ಅವನದೇ.

ಪೇಟೆಯ ಮನೆಗಳು ಯೋಚಿಸಬೇಕಾದುದು ಇಲ್ಲಿಯೇ. ಚೀಟಿಯನ್ನು ನೋಡಿ ಹೆಚ್ಚು ಹಣ ತೆರುವುದು ಸುಲಭ. ಚೀಟಿಯಿಲ್ಲದ ಆ ವರ್ಷಗಳಲ್ಲಿ ರೈತನ ಕೈಹಿಡಿಯುವುದು ಕಷ್ಟ. ನಾಲ್ಕಾರು ಮನೆಗಳು ಕೂಡಿ ಪರಿಚಿತ ಬೆಳೆಗಾರನೊಬ್ಬನಿಂದ ವಾರವಾರವೂ ಸೊಪ್ಪನ್ನು ಕೊಳ್ಳುವುದಾದರೆ, ಹುಳು ತಿಂದ ಎಲೆಯನ್ನು ಕಂಡು ಮುಖ ತಿರುಗಿಸಲಾಗದು. ಬೇಸಗೆಯಲ್ಲಿ ಸೊಗಡಿನ ಅವರೆಯನ್ನು ಕೇಳಲಾಗದು. ಕಟ್ಟಿನ ಬೆಲೆಗೆ ಚೌಕಾಸಿಯೂ ಸಲ್ಲದು. ಸೊಪ್ಪು ಬಿಡಿಸುವ ಕೆಲಸವನ್ನು ಹೆಂಗಸರಿಗೇ ಬಿಡದೆ ಗಂಡಸರೂ ಕುಳಿತು ಮಾಡಬೇಕು. ಬೇರುಕಡ್ಡಿಗಳು ಗೊಬ್ಬರದ ಗುಂಡಿಗೆ ಸೇರಬೇಕು. ಇಷ್ಟು ಶ್ರಮಕ್ಕೆ ಒಪ್ಪಿದ ಮನೆಯಲ್ಲಿ, ಬಸಿದ ನೀರಿನ ಸಾರನ್ನು ಮಕ್ಕಳಿಗೆ ಬಡಿಸುವಾಗ ತಾಯಿಯ ಕೈ ಹಿಂಜರಿಯದು.